ಬಾಣಂತಿ ಖೋಲಿಯ ರೊಕ್ಕ

ಲಿಂಗಸೂಗೂರಿನ ದವಾಖಾನೆಯ ಎರಡನೇ ಖೋಲಿಯಲ್ಲಿ ಆ ಬೆಳಿಗ್ಗೆ ನಾವು ಆರು ಮಂದಿ ಇದ್ದೆವು. ಕಬ್ಬಿಣದ ಮಂಚದ ಮೇಲೆ ನಾನು, ನನ್ನ ಮಗ್ಗುಲಿಗೆ ಕುಂಚಿಗೆ ಕಟ್ಟಿಸಿಕೊಂಡ ಹತ್ತು ದಿನದ ನನ್ನ ಮಗಳು. ತಲೆಯ ಕಡೆ ನನ್ನ ಅವ್ವ, ಕಾಲಿನ ಕಡೆ ನನ್ನ ಅತ್ತೆ. ಕಿಟಕಿಗೆ ಬೆನ್ನು ಹಚ್ಚಿ ನಿಂತ ನನ್ನ ಗಂಡ. ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದ ದವಾಖಾನೆಯ ಮುನ್ಶಿ ಸಾಹೇಬರು. ಸಿಂಧನೂರಿನಿಂದ ಬಂಡಿ ಹೊಡೆದುಕೊಂಡು ಅಪ್ಪನೂ ಬಂದಿದ್ದ. ಆದರೆ ಅವನು ಅಂಗಳದ ಬೇವಿನ ಗಿಡದ ಕೆಳಗೆ ಎತ್ತುಗಳ ಹತ್ತಿರ ಕೂತುಬಿಟ್ಟಿದ್ದ. ಒಳಗೆ ಬಾ ಎಂದು ಹೇಳಿ ಕಳಿಸಿದರೆ, "ಎತ್ತು ಬೆದರತಾವ, ನಾ ಇಲ್ಲೇ ಛಲೋ ಅದೀನಿ" ಎಂದು ತಿರುಗಿ ಹೇಳಿ ಕಳಿಸಿದ. ನಮ್ಮ ಎತ್ತುಗಳು ಕಿವಿಯ ಹತ್ತಿರ ಹಲಗೆ ಬಾರಿಸಿದರೂ ಬೆದರುವಂಥವಲ್ಲ. ಬೆದರಿದ್ದವನು ಅಪ್ಪ.

ದಿನಕ್ಕೊಂದು ರೂಪಾಯಿಯಂತೆ ಖೋಲಿಯ ಬಾಡಿಗೆ ಹತ್ತು ರೂಪಾಯಿ ಆಗಿತ್ತು. ಅವ್ವ ಸೊಂಟದಿಂದ ರೊಕ್ಕದ ಚಂಚಿ ಬಿಚ್ಚಿ ಮುಂದೆ ಹಿಡಿದಳು. ಅತ್ತೆಯೂ ತಮ್ಮ ಚಂಚಿ ಬಿಚ್ಚಿ ಅದಕ್ಕಿಂತ ಒಂದು ಗೇಣು ಮುಂದೆ ಹಿಡಿದರು.

"ನಂದು ತಗೋರಿ ಸಾಹೇಬ್ರ."

"ಅವರದು ಬ್ಯಾಡ್ರಿ, ನಂದು ತಗೋರಿ."

ಮುನ್ಶಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾ ಅಲ್ಲಾ! ಗಡ್ಡ ಬೆಳ್ಳಗಾಗೂ ತನಕ ಈ ನೌಕರಿ ಮಾಡೀನಿ. ರೊಕ್ಕ ಕೊಡೋ ಹೊತ್ತು ಬಂತಂದ್ರ ಎಲ್ಲಾರೂ ಹಿತ್ತಲ ಬಾಗಲಾ ಹುಡುಕತಾರ. ಕೊಡಾಕಂತ ಜಗಳಾಡೋರನ್ನ ಇವತ್ತ ನೋಡಾಕತ್ತೀನಿ!"

ಅವರಿಗೇನು ಗೊತ್ತು? ಜಗಳ ಹತ್ತು ರೂಪಾಯಿಯದಾಗಿರಲಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯದು. ಹೆರಿಗೆಯ ಖರ್ಚು ಯಾರದೋ ಬಾಣಂತನ ಅವರದು, ಕೂಸು ತಾಯಿ ಇಬ್ಬರೂ ತಿಂಗಳುಗಟ್ಟಲೆ ಅವರ ಮನೆಯಲ್ಲಿರುವುದು. ಖೋಲಿಯ ರೊಕ್ಕ ಅವ್ವ ಕೊಟ್ಟರೆ ನಾನು ಸಿಂಧನೂರಿಗೆ. ಅತ್ತೆ ಕೊಟ್ಟರೆ ಗಂಡನ ಮನೆಗೆ, ಮಸ್ಕಿಗೆ. ಹದಿನೇಳು ವರ್ಷದ ನನಗೆ ಸಿಂಧನೂರು ಬೇಕಾಗಿತ್ತು. ಒಂಬತ್ತು ತಿಂಗಳು ನಾನು ಎಣಿಸಿದ್ದು ಹೆರಿಗೆಯ ದಿನವನ್ನಲ್ಲ, ತವರಿಗೆ ಹೋಗುವ ದಿನವನ್ನು.

ಹೋಗುವುದು ಠರಾವೂ ಆಗಿತ್ತು. ಅಮಾವಾಸ್ಯೆ ಮುಂದಿದೆ, ಅದು ಕಳೆಯಲಿ, ಆಮೇಲೆ ಕರೆದುಕೊಂಡು ಹೋಗಿರಿ ಎಂದು ಅತ್ತೆ ತಡೆದರು. ಅಮಾವಾಸ್ಯೆಗೆ ಇನ್ನೂ ಎರಡು ದಿನವಿರುವಾಗ ಮಸ್ಕಿಯ ಮನೆಯಲ್ಲಿಯೇ ನನಗೆ ಸಣ್ಣಗೆ ನೋವು ಶುರುವಾಯಿತು. ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಾಡಿಸಿ, "ಕೂಸು ಅಡ್ಡ ಮಲಗೈತಿ. ನನ್ನ ಕೈಲಾಗೂದಲ್ಲ, ಲಿಂಗಸೂಗೂರ ಛಾವಣಿ ದವಾಖಾನಿಗೆ ಒಯ್ರಿ" ಎಂದಳು. ಅತ್ತೆ ನಡುರಸ್ತೆಯಲ್ಲಿ ನಿಂತು, ಸೆರಗು ಬೀಸಿ, ಮಧ್ಯಾಹ್ನದ ಮೋಟಾರನ್ನು ನಿಲ್ಲಿಸಿದರು. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಿದ್ದ ಯಾರೋ ಅಮಲ್ದಾರ ಕಚೇರಿಯ ದೊಡ್ಡ ಮನುಷ್ಯನನ್ನು ಎಬ್ಬಿಸಿ ನನ್ನನ್ನು ಕೂಡಿಸಿದರು. ಆತ ಲಿಂಗಸೂಗೂರಿನವರೆಗೂ ಹಿಂದೆ ಮೆಣಸಿನಕಾಯಿ ಚೀಲದ ಮೇಲೆ ಕೂತು ಸೀನುತ್ತ ಬಂದ.

ದವಾಖಾನೆಯ ಡಾಕ್ಟರಬಾಯಿ ಹೈದರಾಬಾದಿನವರು. ಅವರ ಕೈ ತಣ್ಣಗಿತ್ತು, ಮಾತು ಬಿಸಿಯಿತ್ತು. ಏನು ಮಾಡಿದರೋ, ಹೇಗೆ ತಿರುಗಿಸಿದರೋ, ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ಅತ್ತೆ ಹೊರಗಿನಿಂದಲೇ ಕೂಗಿದರು: "ಏನ್ರೀ?"

"ಲಡಕೀ!"

"ಹೆಣ್ಣಾ! ಹೆಣ್ಣು ಬಂತು ನಮ್ಮ ಮನಿಗೆ!" ಎಂದು ಅತ್ತೆ ಕುಣಿದದ್ದನ್ನು ನಾನು ಕಾಣಲಿಲ್ಲ. ನನ್ನ ಗಂಡ ಆಮೇಲೆ ಹೇಳಿದರು. ಅವರೊಬ್ಬರೇ ಮಗ, ಅವರಾದ ಮೇಲೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ.

ಎಂಟು ಮಂಚದ ದೊಡ್ಡ ವಾರ್ಡಿನಲ್ಲಿ ಬಾಣಂತಿಯನ್ನು ಮಲಗಿಸಲು ಅತ್ತೆ ಒಪ್ಪಲಿಲ್ಲ. ಕಂಡವರ ಕಣ್ಣು ಬೀಳುತ್ತದೆ, ಬೆಂಕಿ ಇಡುವಂತಿಲ್ಲ, ಲೋಬಾನದ ಹೊಗೆ ಹಾಕುವಂತಿಲ್ಲ. "ಬಾಗಲಾ ಇರೋ ಖೋಲಿ ಕೊಡ್ರಿ, ರೊಕ್ಕಾ ಎಷ್ಟರ ಆಗಲಿ" ಎಂದರು. ರೊಕ್ಕ ಹೋಗುವಾಗ ಕೊಟ್ಟರೆ ಸಾಕು ಎಂದು ಮುನ್ಶಿ ಹೇಳಿದ್ದೇ ತಪ್ಪಾಯಿತು. ಅಲ್ಲೇ ತೆಗೆದುಕೊಂಡಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ.

ಮರುದಿನ ಅದೇ ಮೋಟಾರಿನಲ್ಲಿ ಅವ್ವ ಬಂದಿಳಿದಳು. ತಲೆಯ ಮೇಲೊಂದು ಗಂಟು, ಕೈಯಲ್ಲೊಂದು ಡಬ್ಬಿ, ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಕೂಸನ್ನು ಎತ್ತಿಕೊಂಡು ಲಟಿಕೆ ಮುರಿದು, ಖೋಲಿಯ ನಾಲ್ಕೂ ಗೋಡೆ ನೋಡಿ, ಮೊದಲ ಮಾತೇ ಇದು: "ಇದರ ಬಾಡಗಿ ನಂದು."

"ಖೋಲಿ ಹಿಡದಾಕಿ ನಾನು" ಎಂದರು ಅತ್ತೆ.

"ಹಿಡೀರಿ. ಚೊಚ್ಚಲ ನಮ್ಮದು ಬೀಗ್ತಿ."

"ನಿಮ್ಮದಾಗಿದ್ರ ನಿಮ್ಮ ಮನ್ಯಾಗ ನೋವು ಬರತಿತ್ತು."

"ಬರಗೊಟ್ಟೋರು ಯಾರು? ಅಮಾಸಿ ಅಮಾಸಿ ಅಂತ ಕೂಡಿಸಿಕೊಂಡೋರು ಯಾರು?"

ಅಲ್ಲಿಂದ ಆ ಖೋಲಿಯಲ್ಲಿ ಎಲ್ಲವೂ ಎರಡೆರಡು ಸಲ. ಅತ್ತೆ ಕಾಯಿಸಿದ ನೀರು ಅವ್ವನಿಗೆ ತಣ್ಣಗೆ, ಅವ್ವ ಕಾಯಿಸಿದ್ದು ಅತ್ತೆಗೆ ಸುಡುಸುಡು. ಅತ್ತೆ ಬೆಳ್ಳುಳ್ಳಿ ಸುಟ್ಟು ತುಪ್ಪದ ಅನ್ನ ಉಣಿಸಿ ಹೋದರೆ, ಅವ್ವ ಡಬ್ಬಿಯಿಂದ ಅಂಟಿನ ಉಂಡೆ ತೆಗೆದು, "ಅದನ್ನ ಉಂಡ್ರ ಹಾಲು ಬರತಾವೇನು? ಇದನ್ನ ತಿನ್ನು" ಎನ್ನುತ್ತಿದ್ದಳು. ನಾನು ಎರಡನ್ನೂ ತಿಂದು ಹಂಡೆಯಂತಾದೆ. ಡಾಕ್ಟರಬಾಯಿ ಬಾಗಿಲು ತೆಗೆದು ಹೊಗೆಯಲ್ಲಿ ಕೆಮ್ಮಿ, "ಇದು ದವಾಖಾನಾ ಏನು, ಬಾವರ್ಚಿಖಾನಾ ಏನು?" ಎಂದು ಕೂಗುತ್ತಿದ್ದರು. ಆಗ ಮಾತ್ರ ಅವ್ವ, ಅತ್ತೆ ಒಂದಾಗುತ್ತಿದ್ದರು. ಒಬ್ಬರು ಬೆಂಕಿಯ ಮೇಲೆ ಬುಟ್ಟಿ ಮುಚ್ಚಿದರೆ ಇನ್ನೊಬ್ಬರು ಸೆರಗಿನಿಂದ ಹೊಗೆ ಬೀಸಿ ಹೊರಗೆ ಕಳಿಸುವರು.

ಕೂಸಿನ ಮುಖ ಮೊದಲ ಸಲ ನೋಡಿದವರು ಅದರ ಅಂಗೈಯಲ್ಲಿ ರೊಕ್ಕ ಇಡುವ ಪದ್ಧತಿ ನಮ್ಮಲ್ಲಿದೆ. ಅತ್ತೆ ಮೊದಲ ದಿನವೇ ಹೈದರಾಬಾದ್ ಸರ್ಕಾರದ, ಚಾರಮಿನಾರಿನ ಮುದ್ರೆಯ ಒಂದು ಹಾಲಿ ರೂಪಾಯಿ ಇಟ್ಟಿದ್ದರು. ಅವ್ವ ಬಂದವಳು ಎರಡಿಟ್ಟಳು. ಅದಕ್ಕೆ ಅತ್ತೆ, "ಇದು ಮಸ್ಕಿ ಮುತ್ತ್ಯಾನ ಹೆಸರಲೆ" ಎಂದು ಮಾವನ ಪರವಾಗಿ ಎರಡಿಟ್ಟರು. ಮರುದಿನ ಅವ್ವ, "ಸಿಂಧನೂರು ಮುತ್ತ್ಯಾ ಏನು ಬಡವ ಅಲ್ಲ" ಎಂದು ಅಪ್ಪನ ಪರವಾಗಿ ಎರಡು. ಅತ್ತೆ ಮನೆದೇವರ ಹೆಸರಿನಲ್ಲಿ ಒಂದು. ಅವ್ವ ತಮ್ಮ ಮನೆದೇವರ ಹೆಸರಿನಲ್ಲಿ ಒಂದು. ಗುರುಗುಂಟಾದಿಂದ ಅತ್ತೆಯ ಮೈದುನ ಬಂದು ಕಲ್ದಾರ ರೂಪಾಯಿಯನ್ನೇ ಇಟ್ಟಾಗ ಅತ್ತೆ ಅವ್ವನ ಕಡೆ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಇಂಗ್ಲಿಷರ ಮುಲುಕಿನ ಕಲ್ದಾರ ನಮ್ಮ ಹಾಲಿ ರೂಪಾಯಿಗಿಂತ ಹೆಚ್ಚು ಬಾಳುತ್ತಿತ್ತು. ಕಡೆಗೆ ಹೆಸರುಗಳು ಮುಗಿದು ಅವ್ವ, "ನಮ್ಮ ಎಮ್ಮಿ ಈದೈತಿ, ಅದರ ಹೆಸರಲೆ" ಎಂದು ನಾಲ್ಕಾಣೆಯ ಒಂದು ಪಾವಲಿ ಇಟ್ಟಳು. ಇದೆಲ್ಲವನ್ನೂ ನಾನು ಕುಂಚಿಗೆ ಹೊಲಿದು ಉಳಿದ ಅರಿವೆಯಲ್ಲಿ ಕಟ್ಟಿ ದಿಂಬಿನ ಕೆಳಗೆ ಇಡುತ್ತ ಬಂದೆ.

ಎಂಟನೆಯ ದಿನ ಬೆಳಿಗ್ಗೆ ಅವ್ವ ಬಾವಿಗೆ ಹೋಗಿದ್ದಳು. ಅತ್ತೆ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ನಿನ್ನ ಗಂಡನ್ನ ಹಡದಾಗ ನನ್ನ ಅವ್ವ ಇರಲಿಲ್ಲ. ನಾ ಸಣ್ಣಾಕಿ ಇದ್ದಾಗನ ಹೋಗಿದ್ಲು. ತವರ ಬಾಗಲಾ ತೆರೆಯೋರು ಯಾರೂ ಇಲ್ಲ. ಹದಿಮೂರನೇ ದಿನಕ್ಕ ಜ್ವಾಳದ ಹೊಲಕ್ಕ ಹೋದೆ. ಬಾಣಂತನ ಅಂದ್ರ ಹೆಂಗಿರತೈತಿ ಅಂತ ನಾ ಮಂದೀದು ನೋಡೀನಿ ಅಷ್ಟ. ನಿಂದರ ನನ್ನ ಕೈಲೆ ಮಾಡೂಣು ಅಂತ..." ಅಲ್ಲಿಗೆ ನಿಲ್ಲಿಸಿ, "ಎಣ್ಣಿ ಕಣ್ಣಾಗ ಹೋದೀತು, ತಲಿ ಹಿಡಿಯವ್ವ" ಎಂದರು.

ನಾನು ಕೂಸಿನ ತಲೆ ಹಿಡಿದೆ. ಸಿಂಧನೂರಿನ ಆಸೆಯೇನೂ ಕಡಿಮೆಯಾಗಲಿಲ್ಲ. ಆದರೆ ಅಂದಿನಿಂದ ಆ ಆಸೆಗೆ ಒಂದು ಮುಳ್ಳು ಮೂಡಿತು.

ಹೀಗೆ ಹತ್ತನೆಯ ಬೆಳಿಗ್ಗೆ ಬಂತು. ಎರಡು ಚಂಚಿಗಳ ನಡುವೆ ಮುನ್ಶಿ ಸಾಹೇಬರು ಸಿಕ್ಕಿಕೊಂಡಿದ್ದರು. ಮಸ್ಕಿಯ ಸರ್ಕಾರಿ ಶಾಲೆಯಲ್ಲಿ ಮಾಸ್ತರಾಗಿದ್ದ ನನ್ನ ಗಂಡ ಮೆಲ್ಲಗೆ, "ನಾನಾ ಕೊಡ್ತೀನಿ, ಪಗಾರ ಬಂದೈತಿ" ಎಂದರು.

"ನೀ ಸುಮ್ನಿರಲೇ!" ಎಂದರು ಅತ್ತೆ.

"ನೀವು ಸುಮ್ನಿರ್ರಿ ಅಳಿಯಂದ್ರ" ಎಂದಳು ಅವ್ವ.

ಅವರು ಮತ್ತೆ ಕಿಟಕಿಗೆ ಬೆನ್ನು ಹಚ್ಚಿದರು.

"ರಸೀದಿ ಒಂದ, ಹೆಸರು ಒಂದ" ಎಂದರು ಮುನ್ಶಿ. "ಜಲ್ದಿ ಹೇಳ್ರಿ ಅಮ್ಮಾ, ಯಾರ ಹೆಸರು ಬರೀಲಿ?"

ಅತ್ತೆಯ ಎದುರಿಗೆ ನಾನು ಅಲ್ಲಿಯವರೆಗೆ ಹೌದು, ಅಲ್ಲ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವಳಲ್ಲ. ದಿಂಬಿನ ಕೆಳಗೆ ಕೈ ಹಾಕಿ ಅರಿವೆಯ ಗಂಟು ತೆಗೆದು ಮಂಚದ ಮೇಲೆ ಬಿಚ್ಚಿದೆ. ರೂಪಾಯಿಗಳು ಝಣ್ ಎಂದು ಹರಡಿದವು.

"ಕೂಸಿನ ಸಲುವಾಗಿ ಹಿಡದ ಖೋಲಿ. ಕೂಸಾ ಕೊಡತೈತಿ. ಕೂಸಿನ ಹೆಸರು ಬರೀರಿ" ಎಂದೆ.

ಮುನ್ಶಿ ಸಾಹೇಬರು ಮಂಚದ ಅಂಚಿಗೆ ಕೂತು, ಹಾಲಿ ಬೇರೆ, ಕಲ್ದಾರ ಬೇರೆ, ಎಮ್ಮೆಯ ಪಾವಲಿ ಬೇರೆ ಮಾಡಿ, ಹತ್ತು ಎಣಿಸಿಕೊಂಡು ಉಳಿದದ್ದನ್ನು ಕೂಸಿನ ಹೊದಿಕೆಯ ಮೇಲೆ ಇಟ್ಟರು. "ಅಚ್ಛಾ. ಹೆಸರೇನು?"

"ಇನ್ನೂ ಇಟ್ಟಿಲ್ರಿ."

"ಹೆಸರಿಲ್ಲದಾಕಿ ಹತ್ತು ರೂಪಾಯಿ ಕೊಟ್ಲು! ಹೆಸರಿದ್ದೋರು ಬಾಕಿ ಇಡತಾರ" ಎಂದು ನಗುತ್ತ, ಅವರು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಏನೋ ಬರೆದರು. ನನ್ನ ಗಂಡ ಇಣುಕಿ ಓದಿದರು: "ಎರಡನೇ ಖೋಲಿಯ ಸಣ್ಣ ಬೇಗಂ." ಅವರು ಮೊದಲು ನಕ್ಕರು, ಆಮೇಲೆ ಅವ್ವ, ಕಡೆಗೆ ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಅದಿರಲಿ" ಎಂದಳು ಅವ್ವ, ನಗು ಮುಗಿಯುವುದರೊಳಗೆ. "ಈಗ ಬಂಡಿ ಎಲ್ಲಿಗೆ?"

ಬಂಡಿ ನಮ್ಮದು, ಎತ್ತು ನಮ್ಮವು, ದಾರಿಯ ನಡುವೆ ಮಸ್ಕಿ, ದಾರಿಯ ತುದಿಗೆ ಸಿಂಧನೂರು. ನಾನು ಅತ್ತೆಯ ಕಡೆ ತಿರುಗಿದೆ. "ಅತ್ತಿ, ನಾ ಸಿಂಧನೂರಿಗೆ ಹೋಗತೀನ್ರಿ. ನೀವೂ ಬರ್ರಿ. ಬಾಣಂತನ ಇಬ್ರೂ ಕೂಡಿ ಮಾಡ್ರಿ."

ಬೀಗರ ಮನೆಯಲ್ಲಿ ಹೋಗಿ ಕೂತು ಅತ್ತೆಯಾದವಳು ಸೊಸೆಯ ಬಾಣಂತನ ಮಾಡುವುದನ್ನು ಯಾರು ಕೇಳಿದ್ದಾರೆ? ಅತ್ತೆ ಬಗ್ಗಿ ಕೂಸಿನ ಕುಂಚಿಗೆಯ ಗಂಟನ್ನು ಮತ್ತೆ ಕಟ್ಟತೊಡಗಿದರು. ಅವ್ವ ಮುಖ ಆಚೆ ತಿರುಗಿಸಿದಳು. ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಎರಡು ಕೌದಿ ಹಾಸಿ ನನ್ನನ್ನು ಮಲಗಿಸಿದರು. ಮಸ್ಕಿಯವರೆಗೆ ಅಪ್ಪನೊಬ್ಬನೇ ಎತ್ತುಗಳ ಜೊತೆ ಸಂಸಾರದ ಸುಖದುಃಖ ಮಾತಾಡುತ್ತಿದ್ದ.

ಹೊತ್ತು ಮುಳುಗುವಾಗ ಮಸ್ಕಿ ಮುಟ್ಟಿದೆವು. ಎತ್ತುಗಳಿಗೆ ವಿಶ್ರಾಂತಿ ಬೇಕು, ಉಳಿಯಲೇಬೇಕು. ಅವ್ವ ಬಂಡಿಯಿಂದ ಇಳಿಯಲೊಲ್ಲಳು. ಒಮ್ಮೆ ಹೊಸ್ತಿಲು ದಾಟಿದರೆ ಮಗಳನ್ನು ತಿರುಗಿ ಕಳಿಸುವರೋ ಇಲ್ಲವೋ ಎಂಬ ಭಯ. ಅತ್ತೆ ಆರತಿ ತಂದು, "ಇಳಿ ಬೀಗ್ತಿ. ನಿನ್ನ ಮಗಳನ್ನ ಗೂಟಕ್ಕ ಕಟ್ಟೂದಿಲ್ಲ" ಎಂದರು. ಇಳಿದೆವು. ಮಾವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡವರು ಉಣ್ಣುವುದಕ್ಕೂ ಏಳಲಿಲ್ಲ. ನನಗೆ ಮಾತ್ರ ಕಣ್ಣು ಹತ್ತಲಿಲ್ಲ. ಬೆಳಗಾದರೆ ಏನೋ!

ಬೆಳಗಾಯಿತು. ಅಪ್ಪ ಎತ್ತು ಹೂಡಿದ. ನಾನು, ಕೂಸು, ಅವ್ವ ಬಂಡಿ ಹತ್ತಿದೆವು. ಅತ್ತೆ ಎಲ್ಲಿಯೂ ಕಾಣಲಿಲ್ಲ. ಅಪ್ಪ ಹಗ್ಗ ಸಡಿಲಿಸುವುದರೊಳಗೆ ಒಳಗಿನಿಂದ, "ಏ, ನಿಲ್ಲಸ್ರೀ!" ಎಂಬ ಕೂಗು. ಬಗಲಲ್ಲಿ ಬಟ್ಟೆಯ ಗಂಟು, ತಲೆಯ ಮೇಲೆ ನೀರು ಕಾಯಿಸುವ ತಾಮ್ರದ ಹಂಡೆ ಹೊತ್ತು ಅತ್ತೆ ಬರುತ್ತಿದ್ದರು. ಹಿಂದೆ ಮಾವ ಕೇಳುತ್ತಿದ್ದರು: "ನಮಗ ರೊಟ್ಟಿ ಯಾರು ಮಾಡೋರಬೇ?"

"ಕೈ ಅದಾವಿಲ್ಲೋ ಅಪ್ಪಗ ಮಗಗ ಇಬ್ರಿಗೂ? ಮಾಡಕೋರಿ."

ಬಂಡಿಯ ಹತ್ತಿರ ಬಂದು ಅವ್ವನ ಮುಖವನ್ನೇ ನೋಡುತ್ತ ನಿಂತರು. ಅವ್ವ ಕೈ ಚಾಚಿ ಮೊದಲು ಹಂಡೆ ಇಸಿದುಕೊಂಡಳು. ಆಮೇಲೆ ಸರಿದು ಜಾಗ ಮಾಡಿ, "ಹಂಡೆ ನಮ್ಮ ಮನ್ಯಾಗ ಇಲ್ಲಂತ ತಿಳಿದೀಯೇನು?" ಎಂದಳು.

"ನಿನ್ನ ಹಂಡ್ಯಾಗ ನೀರು ಜಗ್ಗಿ ಸುಡತಾವ" ಎಂದು ಅತ್ತೆ ಬಂಡಿ ಹತ್ತಿದರು.

ಸಿಂಧನೂರಿನಲ್ಲಿ ಅತ್ತೆ ಮೂರು ತಿಂಗಳು ಇದ್ದರು. ದಿನಾ ಜಗಳ, ದಿನಾ ಇಬ್ಬರೂ ಕೂಡಿ ನನಗೂ ಕೂಸಿಗೂ ನೀರು ಹಾಕುವುದು. ಅವರು ಮಸ್ಕಿಗೆ ಹೊರಟ ದಿನ ಅವ್ವ ಅವರನ್ನು ಮಣೆಯ ಮೇಲೆ ಕೂಡಿಸಿ, ಹೊಸ ಇಳಕಲ್ ಸೀರೆ ಉಡಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದಳು, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ.