ಕಡಲೆಕಾಳಿನ ಸ್ಟೇಷನ್

ನಂಬಬೇಡಿ. ತಾಕತ್ತಿದ್ದರೆ ಇದು ಮುಗಿಯುವ ತನಕ ನಂಬದೆ ಇದ್ದು ತೋರಿಸಿ. ಹೊಸದುರ್ಗ, ಹೊಳಲ್ಕೆರೆ ಎರಡೂ ತಾಲ್ಲೂಕು ಜಾಲಾಡಿದರೂ ನನ್ನಷ್ಟು ಚಂದ ಸುಳ್ಳು ಹೇಳುವವನು ಇನ್ನೊಬ್ಬ ಸಿಗುವುದಿಲ್ಲ ಎಂದು ನನ್ನ ಹೆಂಡತಿಯೇ ಒಪ್ಪಿಕೊಂಡಿದ್ದಾಳೆ. ಅಂಥವನು ಹೇಳುತ್ತಿದ್ದೇನೆ: ರಾಮಗಿರಿಯ ನಮ್ಮಕ್ಕನ ಮನೆಯ ರೇಡಿಯೋದಲ್ಲಿ ಒಂದು ಬೆಳಿಗ್ಗೆ ಮಾತಾಡಿದವನು ನಾನೇ. ಯಾವ ರೇಡಿಯೋದವರೂ ನನ್ನನ್ನು ಕರೆದಿರಲಿಲ್ಲ. ನಾನು ಯಾವ ರೇಡಿಯೋ ಕೇಂದ್ರದ ಮೆಟ್ಟಿಲನ್ನೂ ತುಳಿದಿರಲಿಲ್ಲ.

ಅಕ್ಕ ನನಗಿಂತ ಎಷ್ಟು ದೊಡ್ಡವಳು ಎಂದು ಕೇಳಿದರೆ "ನಿನ್ನ ಮೂಗು ಒರೆಸೋವಷ್ಟು" ಎನ್ನುತ್ತಾಳೆ. ರಾಮಗಿರಿಗೆ ಮದುವೆಯಾಗಿ ಹೋದಾಗಿನಿಂದ ಅವಳಿಗೆ ಎರಡೇ ದೈವ. ಒಂದು ಬೆಟ್ಟದ ಮೇಲಿರುವುದು, ಇನ್ನೊಂದು ಗೋಡೆಯ ಗೂಡಿನಲ್ಲಿ ಕೂತ ರೇಡಿಯೋ. ಸಂಜೆ ಮಳೆಯಾಗುವ ಸಂಭವವಿದೆ ಎಂದು ರೇಡಿಯೋ ಹೇಳಿದರೆ ಸುಡುವ ಬಿಸಿಲಿನಲ್ಲೂ ಹಪ್ಪಳದ ಚಾಪೆ ಒಳಗೆ ಬರುತ್ತಿತ್ತು. ಅದೇ ಮಾತು ನಾನು ಹೇಳಿದ್ದರೆ ಅವಳು ಇನ್ನೊಂದು ಚಾಪೆ ಹೊರಗೆ ಹಾಸುತ್ತಿದ್ದಳು.

ಈಚೆಗೆ ಅವಳ ಎರಡು ಕಣ್ಣಿಗೂ ಪೊರೆ ಬಂತು. ಬಂದವರನ್ನು ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿಯಬೇಕು, ಅನ್ನದಲ್ಲಿ ಕಲ್ಲಿದೆಯೋ ಇಲ್ಲವೋ ಹಲ್ಲೇ ಹೇಳಬೇಕು. ಅಂಥ ಹೊತ್ತಿನಲ್ಲೇ ಹಳೆಯ ರೇಡಿಯೋ ಬಾಯಿ ಮುಚ್ಚಿತು. ಬಡಿದರು, ಬಿಸಿಲಿಗಿಟ್ಟರು, ಸೆಲ್ ಬದಲಾಯಿಸಿದರು. ಏಳಲಿಲ್ಲ. ಅಕ್ಕನ ಸೊಸೆ ನನಗೆ ಫೋನ್ ಮಾಡಿದಳು.

"ಮಾವ, ಏನಾದ್ರೂ ಮಾಡ್ರಿ. ರೇಡಿಯೋ ಇಲ್ಲ ಅಂತ ಅತ್ತೆ ಬೆಳಗಿಂದ ಸಂಜೆ ತನಕ ನನ್ನ ಜೊತೇಲೇ ಮಾತಾಡ್ತಾರೆ."

ಚಿತ್ರದುರ್ಗಕ್ಕೆ ಹೋಗಿ ಕೈಯಗಲದ ಡಿಜಿಟಲ್ ರೇಡಿಯೋ ಒಂದನ್ನು ತಂದೆ. ತಿರುಗಿಸಲು ಕಿವಿಯಿಲ್ಲ, ಓಡಾಡುವ ಮುಳ್ಳಿಲ್ಲ. ನಂಬರು ಬೆಳಗುವ ಪುಟ್ಟ ಪರದೆ, ಅದರ ಕೆಳಗೆ ಸಾಲು ಬಟನ್, ಫೋನಿಗೆ ಹಾಕಿದಂತೆ ಚಾರ್ಜರ್. "ಮೆಮೊರಿ ಕಾರ್ಡ್ ಹಾಕಿದ್ರೆ ನಿಮಗೆ ಬೇಕಾದ ಹಾಡೂ ಬರುತ್ತೆ ಸರ್" ಎಂದ ಅಂಗಡಿಯವನು. ಆ ಮಾತು ಆಗ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ರಾಮಗಿರಿಯಲ್ಲಿ ಸೊಸೆ ಚಾಪೆ ಹಾಸಿದಳು. "ಬರ್ರಿ ಮಾವ, ಕುಂತ್ಕಳ್ರಿ. ಚಾ ಇಡ್ತೀನಿ."

"ಇಡಮ್ಮ. ಚಾ ಕುದಿಯೋದ್ರೊಳಗೆ ನಿಮ್ಮತ್ತೆಗೆ ಹಾಡು ಕೇಳಿಸ್ತೀನಿ."

ಚಾ ಕುದಿಯಿತು, ಕುಡಿದಾಯಿತು, ಲೋಟ ತೊಳೆದೂ ಆಯಿತು. ಯಾವ ಬಟನ್ ಒತ್ತಿದರೂ ಪರದೆಯ ಮೇಲೆ ಒಂದು ಬೀಗದ ಚಿತ್ರ ಮಿನುಗಿ ಮಾಯವಾಗುತ್ತಿತ್ತು.

"ಏನಂತೆ ಅದಕ್ಕೆ?" ಅಕ್ಕ ಕೇಳಿದಳು.

"ಹೊಸಾದು ಅಕ್ಕ. ಜಾಗಕ್ಕೆ ಹೊಂದ್ಕಬೇಕು. ಹೊಸ ಎಮ್ಮೆ ಇದ್ದಂಗೆ."

"ಎಮ್ಮೆ ಒದೆಯಾದ್ರೂ ಒದೀತೈತೆ. ಇದು ಅದನ್ನೂ ಮಾಡಲ್ವಲ್ಲೋ."

ಸೊಸೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. "ಲಾಕ್ ಆಗೈತೆ ಮಾವ" ಎಂದವಳೇ ಒಂದು ಬಟನನ್ನು ಒತ್ತಿ ಹಿಡಿದಳು. ರೇಡಿಯೋ ಗೊರ್ ಎಂದು ಎದ್ದಿತು.

"ಅದನ್ನೇ ಮಾಡಾಣ ಅಂತಿದ್ದೆ" ಎಂದೆ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ತಾನಾಗಿಯೇ ಸ್ಟೇಷನ್ ಹುಡುಕುವ ಬಟನ್ ಒತ್ತಿದೆ. ನಂಬರುಗಳು ಓಡಿದವು, ಆದರೆ ಎಲ್ಲೂ ನಿಲ್ಲಲಿಲ್ಲ. ಬೆಟ್ಟ ಅಡ್ಡ ಇತ್ತಲ್ಲ. ಒಳಮನೆಯಲ್ಲಿ ಬರೀ ಸೊರಸೊರ. ನಡುಮನೆಯಲ್ಲಿ ಅರ್ಧ ತೆಲುಗು, ಅರ್ಧ ಗಾಳಿ. ರೇಡಿಯೋ ಹಿಡಿದುಕೊಂಡು, ಬಾಡಿಗೆಗೆ ಮನೆ ನೋಡಲು ಬಂದವನಂತೆ ಮನೆಯೆಲ್ಲ ಸುತ್ತಿದೆ. ಕಡೆಗೆ ಹಿತ್ತಿಲ ಕಡೆಯ ಕಿಟಕಿಯಲ್ಲಿಟ್ಟು ಆಂಟೆನಾವನ್ನು ಸರಳಿನ ಸಂದಿಯಿಂದ ಹೊರಕ್ಕೆ ಚಾಚಿದಾಗ ಚಿತ್ರದುರ್ಗದ ಸ್ಟೇಷನ್ ಪಕ್ಕದ ಮನೆಯವರು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ಬಂದ್ಯಾ?" ಎಂದಳು ಅಕ್ಕ, ರೇಡಿಯೋಗೆ. ನಾನು ಬಂದಾಗ ಯಾವತ್ತೂ ಅಷ್ಟು ಪ್ರೀತಿಯಿಂದ ಕೇಳಿದವಳಲ್ಲ.

ಬಟನ್‌ಗಳೆಲ್ಲ ಒಂದೇ ನುಣುಪು, ಒಂದೇ ಅಳತೆ. ಕಣ್ಣು ಕಾಣದವಳಿಗೆ ಯಾವುದು ಒಂದು, ಯಾವುದು ಎರಡು? ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನು ತಡಕಾಡಿದೆ. ಒಂದನೇ ಬಟನ್‌ಗೆ ಅರ್ಧ ಹುಣಸೆಬೀಜ ಅಂಟಿಸಿದೆ, ಅದು ಚಿತ್ರದುರ್ಗ. ಎರಡಕ್ಕೆ ತೊಗರಿಬೇಳೆ, ಅದು ಹಾಡಿನದು. ಮೂರಕ್ಕೆ ಒಂದು ಸಾಸಿವೆ, ಅದು ತೆಲುಗು. ಅಕ್ಕನಿಗೆ ತೆಲುಗು ಬರುವುದಿಲ್ಲ, ಆದರೆ ತೆಲುಗಿನವರು ಜಗಳ ಆಡಿದರೂ ಹಾಡಿದಂತಿರುತ್ತದೆ ಎಂದು ಕೇಳುತ್ತಾಳೆ. ಕಾರ್ಡಿನ ಬಟನ್ ಖಾಲಿ ಉಳಿಯಿತು. ಈ ಉಪಾಯ ಯಾವ ಕಂಪನಿಯವನಿಗೂ ಹೊಳೆದಿಲ್ಲ ಎಂದು ಇವತ್ತಿಗೂ ಸಂತೆಯಲ್ಲಿ ನಿಂತು ಹೇಳುತ್ತೇನೆ.

ರೇಡಿಯೋ ಕೆಲಸ ಮುಗಿಯಿತು. ಕಣ್ಣಿನ ಕೆಲಸ ಮುಗಿದಿರಲಿಲ್ಲ. ಪೊರೆ ಗಟ್ಟಿಯಾಗುತ್ತಾ ಬಂದಿದೆ, ತಡ ಮಾಡಿದಷ್ಟೂ ಕಷ್ಟ, ಆಪರೇಷನ್ ಮಾಡಿಸಿ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದರು. ಅಕ್ಕ ಒಲ್ಲೆ ಎಂದಿದ್ದಳು. ಮಗ ಹೇಳಿ ಸೋತ, ಸೊಸೆ ಅತ್ತು ಸೋತಳು. ನಾನು ಹೇಳಿದ್ದೇ ಕೇಡಾಯಿತು.

"ಏನೂ ಆಗಲ್ಲ ಅಕ್ಕ. ನನ್ನ ಮಾತು ನಂಬು."

"ನಿನ್ನ ಮಾತಾ? ಚಂದ್ರವಳ್ಳಿ ಗವಿಯೊಳಗೆ ಕರ್ಕೊಂಡು ಹೋಗಿ, ಟಾರ್ಚ್ ಆರ್ಸಿ, 'ನಾನು ಪಾಳೇಗಾರನ ದೆವ್ವ' ಅಂದೋನು ಯಾರಲೇ?"

"ಅದು ಚಿಕ್ಕ ವಯಸ್ಸಲ್ಲಿ ಅಕ್ಕ!"

"ಚಪ್ಪಲಿ ಬಿಟ್ಟು ಓಡಿ ಬಂದೆ. ಅವತ್ತೇ ಅಂದ್ಕಂಡೆ, ನಿನ್ನ ಮಾತು ಕೇಳ್ಕೊಂಡು ಕತ್ಲೊಳಗೆ ಹೋಗಬಾರದು ಅಂತ. ಈಗ ಕಣ್ಣಿಗೆ ಪಟ್ಟಿ ಕಟ್ಟಿಸ್ಕಳಕ್ಕೆ ನೀನೇ ಕರೀತಿಯ!"

ಹೊಸದುರ್ಗಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಕೂತಾಗ ಅಂಗಡಿಯವನ ಮಾತು ಕಿವಿಯಿಂದ ತಲೆಗೆ ಇಳಿಯಿತು. ಅಕ್ಕ ನನ್ನನ್ನು ನಂಬುವುದಿಲ್ಲ, ಸರಿ. ರೇಡಿಯೋವನ್ನು ನಂಬುತ್ತಾಳಲ್ಲ!

ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಬಿಡಿಸಿ ಕೇಳಿಕೊಂಡು ಬಂದೆ. ಫೋನಿಗೆ ಒಂದು ಮೆಮೊರಿ ಕಾರ್ಡ್ ಹಾಕಿ, ಉಗ್ರಾಣದ ಕೋಣೆ ಸೇರಿ, ಹೊರಗಿನ ಸದ್ದು ಬೀಳದಿರಲೆಂದು ತಲೆ ತುಂಬ ಕಂಬಳಿ ಹೊದ್ದುಕೊಂಡೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಗಂಟಲನ್ನು ಹೊಟ್ಟೆಗಿಳಿಸಿ ರೆಕಾರ್ಡಿಂಗ್ ಶುರು ಮಾಡಿದೆ: "ಶ್ರೋತೃಗಳಿಗೆ ನಮಸ್ಕಾರ. ಇಂದು ಕಣ್ಣಿನ ಪೊರೆಯ ಕುರಿತು ತಿಳಿದುಕೊಳ್ಳೋಣ." ಮಾತೆಲ್ಲ ಡಾಕ್ಟರದೇ, ಒಂದೂ ಸುಳ್ಳಿಲ್ಲ. ದನಿ ಮಾತ್ರ ಕದ್ದ ಮಾಲು. ಹೊರಗೆ ನನ್ನ ಹೆಂಡತಿ ಬಾಗಿಲು ಬಡಿದು, "ಒಳಗೆ ಯಾರ್ರೀ ಅದು?" ಎಂದಳು. ಅಷ್ಟು ಚೆನ್ನಾಗಿತ್ತು ದನಿ!

ಮರುದಿನ ಬೆಳಿಗ್ಗೆಯೇ ರಾಮಗಿರಿಗೆ ಹೋದೆ. ಸೊಸೆಯನ್ನು ಒಳಸಂಚಿಗೆ ಸೇರಿಸಿಕೊಂಡು ರೇಡಿಯೋಗೆ ಕಾರ್ಡ್ ತೂರಿಸಿದೆ. ಖಾಲಿ ಇದ್ದ ಬಟನ್‌ಗೆ ಒಂದು ಕಡಲೆಕಾಳು ಅಂಟಿಸಿದೆ.

"ಅಕ್ಕ, ಹೊಸ ಸ್ಟೇಷನ್ ಬಂದೈತೆ. ಕಡ್ಲೆಕಾಳು ಒತ್ತು."

ಅಕ್ಕ ಬೆರಳಾಡಿಸಿ ಹುಡುಕಿ ಒತ್ತಿದಳು. ನಾನು ಗಂಭೀರವಾಗಿ ಮಾತಾಡತೊಡಗಿದೆ, ಕಿಟಕಿಯಿಂದ. ಇತ್ತ ಚಾಪೆಯ ಮೇಲೆ ನಾನೇ ಕೂತು ತಲೆದೂಗುತ್ತಿದ್ದೆ. ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದಳು. ಅಕ್ಕ ಕಡೆಯ ತನಕ ಅಲ್ಲಾಡದೆ ಕೇಳಿದಳು.

"ಚೆನ್ನಾಗಿ ಹೇಳ್ತಾನೆ" ಎಂದಳು. ಅಷ್ಟೇ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ನಾನು ಗೆದ್ದ ಟಗರಿನಂತೆ ಊರಿಗೆ ಬಂದೆ. ಅತ್ತೆ ದಿನಾ ಬೆಳಿಗ್ಗೆ ಕಡಲೆಕಾಳು ಒತ್ತುತ್ತಾರೆ, ಆದರೆ ಆಸ್ಪತ್ರೆಯ ಮಾತೇ ಎತ್ತುವುದಿಲ್ಲ ಎಂದು ಸೊಸೆ ಫೋನಿನಲ್ಲಿ ಹೇಳುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಅಕ್ಕನೇ ಹೇಳಿಕಳಿಸಿದಳು. ಹೋದೆ. ನನ್ನ ಹೆಜ್ಜೆ ಗುರುತಿಸಿ, ಹತ್ತಿರ ಕೂರಲು ಚಾಪೆ ತಟ್ಟಿದಳು.

"ಲೇ ತಮ್ಮ, ಆ ಕಡ್ಲೆಕಾಳಿನ ಸ್ಟೇಷನ್ನಾಗೆ ಬೇರೆ ಯಾರೂ ಇಲ್ಲೇನೋ?"

"ಯಾಕಕ್ಕ?"

"ದಿನಾ ಅವನೇ ಬರ್ತಾನೆ. ದಿನಾ ಅದೇ ಜಾಗದಾಗೆ ಕೆಮ್ಮುತಾನೆ. ಪಾಪ, ಕಷಾಯ ಕೊಡೋರು ಯಾರೂ ಇಲ್ಲ ಅಂತ ಕಾಣ್ತೈತೆ."

ನಾನು ಬಂದ ಕೆಮ್ಮನ್ನು ನುಂಗಿಕೊಂಡೆ.

"ಇನ್ನೊಂದು ಮಾತು. ರೇಡಿಯೋದೋರು 'ಇದೆ' ಅಂತಾರೆ. ಇಷ್ಟು ವರ್ಷ ಕೇಳೀನಿ, ಒಬ್ರೂ 'ಐತೆ' ಅಂದಿಲ್ಲ. ಇವನು ಅಂತಾನೆ. 'ತಡ ಮಾಡಬೇಡಿ, ಇನ್ನೂ ಕಾಲ ಐತೆ' ಅಂತಾನೆ."

ಇದನ್ನು ನಾನು ಗಮನಿಸಿರಲೇ ಇಲ್ಲ. ಪುಸ್ತಕದ ಕನ್ನಡವನ್ನು ಅಷ್ಟು ಕಷ್ಟಪಟ್ಟು ಇಸ್ತ್ರಿ ಮಾಡಿ ತೊಟ್ಟಿದ್ದೆ. ಒಳಗಿನ ಅಂಗಿ ಇಣುಕಿಬಿಟ್ಟಿತ್ತು.

"ಮೊದಲ ದಿನಾನೇ ಗೊತ್ತಾಯ್ತಾ?"

"ನಮಸ್ಕಾರ ಅಂದಾಗ್ಲೇ ಗೊತ್ತಾಯ್ತು. ನಿನ್ನ ಮೂಗು ಒರೆಸಿದೋಳು ನಾನು, ನಿನ್ನ ಗಂಟಲು ಗೊತ್ತಿಲ್ವಾ?"

"ಹಂಗಾದ್ರೆ ದಿನಾ ಯಾಕೆ ಕೇಳ್ತಿದ್ದೆ?"

ಅಕ್ಕ ಸೆರಗಿನ ಅಂಚು ನೀವಿದಳು. "ಉಳಿದಿದ್ದೆಲ್ಲ ಓದಿದಂಗೆ ಐತೆ. ಆ 'ಕಾಲ ಐತೆ' ಅನ್ನೋದೊಂದು ಮಾತು ಓದಿದ್ದಲ್ಲ ಕಣೋ, ಆಡಿದ್ದು. ನೀನು ಸುಳ್ಳು ಹೇಳುವಾಗ ಯಾವತ್ತೂ ನಿನ್ನ ದನಿ ನಡುಗಿಲ್ಲ. ಅದ್ರಾಗೆ ನಡುಗ್ತು. ಇವನಿಗೆ ನನಗಿಂತ ಜಾಸ್ತಿ ಹೆದರಿಕೆ ಅಂತ ಗೊತ್ತಾಯ್ತು." ಆಮೇಲೆ ಒಳಗಿನ ಕಡೆಗೆ ಕೂಗಿದಳು, "ಏ ಹುಡುಗಿ, ನನ್ನ ಎರಡು ಸೀರೆ ಚೀಲಕ್ಕೆ ಹಾಕು. ದುರ್ಗದ ಆಸ್ಪತ್ರೆಗೆ ಹೋಗಾಣ." ನನ್ನ ಕಡೆ ತಿರುಗಿ, "ನೀನೂ ಬರಬೇಕು. ಬಂದು ಬಾಯಿ ಮುಚ್ಕಂಡು ಹೊರಗೆ ಕುಂತ್ಕಬೇಕು" ಎಂದಳು.

ಒಂದು ಕಣ್ಣಿಗೆ ಮೊದಲು ಆಪರೇಷನ್ ಆಯಿತು. ಅಕ್ಕನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗಿನ ಬೆಂಚುಗಳ ನಡುವೆ ನಿಂತು, ಅದೇ ದನಿಯಲ್ಲಿ ವಾರ್ತೆ ಓದಿದೆ. ಕಾಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನರ್ಸ್ ಬಂದು ಗದರಿಸುವ ಬದಲು ಇನ್ನೊಂದು ಸಲ ಓದಿಸಿದಳು.

ಮರುದಿನ ಪಟ್ಟಿ ಬಿಚ್ಚಿದರು. ಅಕ್ಕ ಕಣ್ಣು ಪಿಳಿಪಿಳಿ ಮಾಡಿ ಮೊದಲು ಸೊಸೆಯನ್ನು ನೋಡಿದಳು. "ಸೊರಗಿದೀಯಲ್ಲೇ" ಎಂದು ಅವಳ ಗಲ್ಲ ಮುಟ್ಟಿದಳು. ನನ್ನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಮುದುಕ ಆಗ್ಬಿಟ್ಟಿದೀಯಲ್ಲೋ. ರೇಡಿಯೋದಾಗೆ ವಯಸ್ಸು ಗೊತ್ತಾಗ್ತಿರಲಿಲ್ಲ."

ಇಷ್ಟು ಹೊತ್ತು ನಂಬದೆ ಕೂತವರು ಯಾರಾದರೂ ಇದ್ದರೆ ಅವರಿಗೆ ಬಹುಮಾನವಾಗಿ ಒಂದು ಮಾತು ಬಿಟ್ಟುಕೊಡುತ್ತೇನೆ. ಕಂಬಳಿ ನಿಜ, ಕಡಲೆಕಾಳು ನಿಜ, ಕೆಮ್ಮೂ ನಿಜ. ಆಸ್ಪತ್ರೆಯ ಬೆಂಚುಗಳ ನಡುವೆ ನಿಂತು ವಾರ್ತೆ ಓದಿದೆ ಎಂದೆನಲ್ಲ, ಅದೊಂದು ಕಟ್ಟಿದ್ದು. ಅಲ್ಲಿ ಯಾರೂ ನಗಲಿಲ್ಲ. ಅಕ್ಕ ಹೇಳಿದ್ದಂತೆ ಬಾಯಿ ಮುಚ್ಚಿಕೊಂಡು, ಆ ಬಾಗಿಲನ್ನೇ ನೋಡುತ್ತಾ ಕೂತಿದ್ದೆ.