ಇಂದೂ ಮಾವಶಿಯ ಸಿಟ್ಟು

ಇಂದೂ ಮಾವಶಿ ಗಂಡಸರ ಸೈಕಲ್ ಹೊಡೆಯುತ್ತಿದ್ದರು. ನಡುವೆ ಅಡ್ಡ ಪೈಪು ಇರುವ, ಎತ್ತರದ, ಹಳೆಯ ಕರಿ ಸೈಕಲ್. ಕಚ್ಚೆ ಹಾಕಿದ ಸೀರೆಯನ್ನು ಮೊಳಕಾಲಿನವರೆಗೆ ಏರಿಸಿ, ಹಿಂದೆ ಎರಡೂ ಬದಿಗೆ ಹಾಲಿನ ಕ್ಯಾನು ಇಳಿಬಿಟ್ಟು ಅವರು ಸದಲಗಾದ ಪೇಟೆಯೊಳಗೆ ಬರುತ್ತಿದ್ದರೆ, ಗಂಟೆಯ ಸಪ್ಪಳಕ್ಕಿಂತ ಮೊದಲು ಅವರ ಬೈಗುಳ ಕೇಳುತ್ತಿತ್ತು.

"ಬೈಕ್ ನಡು ರಸ್ತಾದಾಗ ನಿಲ್ಲಿಸೀಯಲ್ಲೋ, ನಿಮ್ಮ ಮಾಮಾನ ಅಂಗಳ ಅಂತ ತಿಳಿದೀಯೇನ?"

ಬೈಸಿಕೊಂಡವನು ಬೈಕ್ ಸರಿಸುತ್ತಿದ್ದ. ಸರಿಸದಿದ್ದರೆ ಅವರು ಇಳಿದು ತಾವೇ ಸರಿಸುತ್ತಿದ್ದರು. ಅದು ಹಲವು ಸಲ ಬೀಳುತ್ತಿತ್ತು.

ನಾನು ಐಗಳಿಯಿಂದ ಸೊಸೆಯಾಗಿ ಆ ಓಣಿಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ಓಣಿಗೆಲ್ಲ ಅವರು ಮಾವಶಿ, ಎಂದರೆ ಚಿಕ್ಕಮ್ಮ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸೈಕಲ್ ಆ ಗಂಡನದೇ. ಒಬ್ಬಳೇ ಮಗಳನ್ನು ಇಚಲಕರಂಜಿಗೆ ಕೊಟ್ಟಿದ್ದರು. ಎಮ್ಮೆ ಸಾಕಿ ಡೇರಿಗೆ ಹಾಲು ಹಾಕುತ್ತ, ಇದ್ದ ತುಂಡು ಹೊಲದಲ್ಲಿ ಕಬ್ಬು ಬೆಳೆಯುತ್ತ, ಊರಿಗೆಲ್ಲ ಬೈಯುತ್ತ ಇದ್ದರು. ಅತ್ತೆಯ ಮುಂದೆ ನಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಒಮ್ಮೆ ನೋಡಿ, ಆಮೇಲೆ ನೀರಿನ ನಳದ ಹತ್ತಿರ ಹಿಡಿದುಕೊಂಡರು.

"ಸಿಟ್ಟು ನುಂಗಬಾರ್ದ ಬೇ. ಹೆಣ್ಣಮಕ್ಕಳ ಹೊಟ್ಟ್ಯಾಗ ಮೊದಲ ಜಾಗಾ ಕಡಿಮಿ. ಒಂದಿಷ್ಟ ಅನ್ನಕ್ಕ ಬಿಡು."

ಅವರ ಸಿಟ್ಟಿಗೆ ಹಂಗಾಮು ಬರುತ್ತಿದ್ದದ್ದು ಕಬ್ಬು ಕಡಿಯುವ ಕಾಲಕ್ಕೆ. ಆಗ ನಮ್ಮ ಭಾಗದ ರಸ್ತೆಗಳನ್ನು ನೋಡಬೇಕು. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು. ಎರಡೂ ಬದಿಗೆ ಚಾಚಿದ ಕಬ್ಬು. ಚಾಲಕನ ತಲೆಯ ಹಿಂದೆಯೇ ಕಪಾಟಿನಷ್ಟು ದೊಡ್ಡ ಸ್ಪೀಕರು. ಹಿಂದೆ ಬಸ್ಸು ಹಾರ್ನು ಹೊಡೆದರೂ ಅವನಿಗೆ ಕೇಳಿಸದು. ಮಾವಶಿ ಸೈಕಲ್ಲನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಟ್ರ್ಯಾಕ್ಟರು ತಡೆಯುತ್ತಿದ್ದರು.

"ಹಾಡ ಬಂದ್ ಮಾಡ."

"ಹಾಡ ಇಲ್ಲಂದ್ರ ನಿದ್ದಿ ಬರ್ತೈತ್ರಿ ಮಾವಶಿ."

"ನಿದ್ದಿ ಬಂದ್ರ ಮನಿಗೆ ಹೋಗಿ ಮಲ್ಕೋ. ನಿನ್ನ ಹಿಂದ ಸಾಲಿ ಹುಡುಗೂರು ಸೈಕಲ್ ಮ್ಯಾಲ ಬರ್ತಾರ. ಅವರ ಗಂಟಿ ನಿನ್ನ ಕಿವಿಗೆ ಹೆಂಗ ಬೀಳಬೇಕ?"

ಹಾಡು ನಿಲ್ಲುತ್ತಿತ್ತು. ಮುಂದಿನ ತಿರುವಿನಲ್ಲಿ ಮತ್ತೆ ಶುರುವಾಗುತ್ತಿತ್ತೆಂಬುದು ಅವರಿಗೂ ಗೊತ್ತಿತ್ತು. ಆದರೂ ಮರುದಿನ ತಡೆಯುತ್ತಿದ್ದರು.

ಸೈಕಲ್ ಮೇಲೆ ಅಂಕಲಿಯ ಹೊಳೆಗೆ ಹೋಗುವ ಮಾತು ಹುಟ್ಟಿದ್ದು ಡೇರಿಯ ಸಾಲಿನಲ್ಲಿ. ಬಟ್ಟೆ ಹೊಲಿಯುವ ಸುವರ್ಣಾ, ನಮ್ಮ ಹಿಂದಿನ ಮನೆಯ ರಾಜಕ್ಕ, ನಾನು ನಿಂತಿದ್ದೆವು. ಕೃಷ್ಣಾ ಹೊಳೆ ನೋಡಿದ್ದೀರೇನು ಎಂದು ಮಾವಶಿ ಕೇಳಿದರು.

"ನೋಡೀನ್ರಿ, ಟೆಂಪೋದಾಗ ಹೋಗಿದ್ವಿ" ಎಂದಳು ಸುವರ್ಣಾ.

"ಟೆಂಪೋದಾಗ ಹೋದಾಕಿ ಮುಂದ ಕುಂತವರ ಬೆನ್ನ ನೋಡಿರ್ತಾಳ. ಹೊಳಿ ಎಲ್ಲಿ ನೋಡಿರ್ತಾಳ? ರವಿವಾರ ನಾಲ್ಕೂ ಮಂದಿ ಸೈಕಲ್ ಮ್ಯಾಲ ಹೋಗೂಣು."

ನಮಗೆಲ್ಲಿಯ ಸೈಕಲ್? ಮನೆಗಳಲ್ಲಿ ಇದ್ದವು, ಮಕ್ಕಳ ಶಾಲೆಯ ಸೈಕಲ್‌ಗಳು. ಮಕ್ಕಳು ನಗುತ್ತ ಕೊಟ್ಟರು. ಗಂಡಂದಿರು ನಗುತ್ತ ಬಿಟ್ಟರು, ಸದಲಗಾದ ಸೀಮೆ ದಾಟುವುದರೊಳಗೆ ತಿರುಗಿ ಬರುತ್ತಾರೆಂದು. ರಾಜಕ್ಕ ಮದುವೆಯಾದಾಗಿನಿಂದ ಸೈಕಲ್ ಮುಟ್ಟಿರಲಿಲ್ಲ. ಯಕ್ಸಂಬಾದ ದಾರಿಯಲ್ಲಿ ಹ್ಯಾಂಡಲ್ ಹೊಯ್ದಾಡಿ, ಕಬ್ಬಿಗೆ ನೀರು ಬಿಟ್ಟಿದ್ದ ಕಾಲುವೆಯೊಳಗೆ ಸೀರೆ ಸಮೇತ ಕೂತುಬಿಟ್ಟಳು. ಎಬ್ಬಿಸಲು ಹೋದ ಸುವರ್ಣಾ ನಗು ತಡೆಯಲಾರದೆ ತಾನೂ ಕೂತಳು. ಮಾವಶಿ ದಂಡೆಯ ಮೇಲೆ ನಿಂತು ಇಬ್ಬರಿಗೂ ಬೈದರು. ಬೈಯುತ್ತ ಬೈಯುತ್ತ ಅವರಿಗೂ ನಗು ಬಂತು. ಅವರ ಬಾಯಲ್ಲಿ ಅಷ್ಟು ನಗು ಇದೆಯೆಂದು ನನಗೆ ಗೊತ್ತಾದದ್ದೇ ಆಗ.

ದಾರಿಯಲ್ಲಿ ಒಂದು ಗಾಣದಲ್ಲಿ ಬಿಸಿ ಬೆಲ್ಲ ಕೊಟ್ಟರು. ಕಬ್ಬಿನ ಎಲೆಯ ಮೇಲೆ ಇಸಿದುಕೊಂಡು, ಬೆರಳು ಸುಟ್ಟುಕೊಂಡು ತಿಂದೆವು. ಹೊಳೆ ಸಿಕ್ಕಾಗ ಮಾವಶಿ ಮೊದಲು ಸೈಕಲ್ಲನ್ನು ನೀರಿಗಿಳಿಸಿ, ಎಮ್ಮೆಯ ಮೈ ತಿಕ್ಕಿದಂತೆ ತಿಕ್ಕಿ ತೊಳೆದರು. ಆಮೇಲೆ ಬುತ್ತಿ ಬಿಚ್ಚಿದೆವು: ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಡ್ಡೆ ಮೊಸರು. ದಂಡೆಯಲ್ಲಿ ದನ ಮೇಯಿಸುತ್ತಿದ್ದ ಒಬ್ಬ ಹಿರಿಯ ಬಹಳ ಹೊತ್ತು ನಮ್ಮನ್ನೇ ನೋಡಿ ಹತ್ತಿರ ಬಂದ.

"ಗಂಡಸರು ಯಾರೂ ಬಂದಿಲ್ಲೇನ್ರಿ?"

"ಇಲ್ಲ. ಮನ್ಯಾಗ ರೊಟ್ಟಿ ಬಡಿಯಾಕತ್ತಾರ" ಎಂದರು ಮಾವಶಿ, ತಲೆ ಎತ್ತದೆ.

ತಿರುಗಿ ಬರುವಾಗ ಬಿಸಿಲು ಇಳಿದಿತ್ತು. ಒಬ್ಬರ ಹಿಂದೊಬ್ಬರು, ರಸ್ತೆಯ ಎಡದಂಚಿನಲ್ಲಿ ಬರುತ್ತಿದ್ದೆವು. ಎಲ್ಲರಿಗಿಂತ ಹಿಂದೆ ಮಾವಶಿ. ನಮ್ಮನ್ನು ಕಾಯುವುದಕ್ಕಾಗಿಯೇ ಹಿಂದೆ ಉಳಿದಿದ್ದರು. ಮೊದಲು ಹಾಡು ಕೇಳಿತು. ಆಮೇಲೆ ಟ್ರ್ಯಾಕ್ಟರು ನಮ್ಮನ್ನು ಸವರಿಕೊಂಡೇ ಮುಂದೆ ಹೋಯಿತು. ಎರಡನೆಯ ಟ್ರೇಲರಿನಿಂದ ಹೊರಚಾಚಿದ್ದ ಕಬ್ಬು ಮಾವಶಿಯ ಹ್ಯಾಂಡಲಿಗೆ ಸಿಕ್ಕಿ, ಅವರನ್ನು ಎಳೆದು, ಕಲ್ಲಿನ ಮೇಲೆ ಕೆಡವಿತ್ತು. ನಾವು ಮೂವರೂ ಕೂಗಿದೆವು. ಗಂಟಲು ಹರಿಯುವಂತೆ ಕೂಗಿದೆವು. ಅವನು ತಿರುಗಿಯೂ ನೋಡಲಿಲ್ಲ. ನೋಡದಿದ್ದದ್ದು ಕ್ರೌರ್ಯದಿಂದಲ್ಲ, ಅವನಿಗೆ ಕೇಳಿಸಲೇ ಇಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಚಿಕ್ಕೋಡಿಯ ದವಾಖಾನೆಯಲ್ಲಿ ಟೊಂಕದ ಎಲುಬು ಮುರಿದಿದೆ ಎಂದರು. ಸುದ್ದಿ ಊರು ಮುಟ್ಟಿತು. ಊರು ಏನು ಕೇಳಬೇಕಿತ್ತು? ಟ್ರ್ಯಾಕ್ಟರು ಯಾರದು ಎಂದಲ್ಲವೇ? ಒಬ್ಬರೂ ಕೇಳಲಿಲ್ಲ. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಈ ವಯಸ್ಸಿನ್ಯಾಗ ಸೈಕಲ್ ಬೇಕಾಗಿತ್ತೇನ?" ನಿತ್ಯ ಅದೇ ಸೈಕಲ್ ಮೇಲೆ ಅವರು ಹಾಲು ತಂದಾಗ ವಯಸ್ಸು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಳೆ ನೋಡಲು ಹೋದಾಗ ಬಿತ್ತು!

ಟ್ರ್ಯಾಕ್ಟರಿನ ಮಾಲಕರು ನಮ್ಮೂರ ದೊಡ್ಡ ಹೊಲದವರು. ಧಣಿ ಎಂದೇ ಎಲ್ಲರೂ ಕರೆಯುವುದು. ಅವರು ಸೇಬಿನ ಚೀಲ ಹಿಡಿದುಕೊಂಡು ಬಂದರು. ಕುರ್ಚಿ ಎಳೆದುಕೊಂಡು, ಮಾವಶಿಗಲ್ಲ, ನನಗೆ ಹೇಳಿದರು: "ಹೆಣ್ಣಮಕ್ಕಳು ಗುಂಪು ಕಟ್ಟಿಕೊಂಡು ರಸ್ತಾದಾಗ ಅಡ್ಡ್ಯಾಡಿದ್ರ ಹಿಂಗ ಆಗೋದ. ಡ್ರೈವರಂದ ಏನ ತಪ್ಪೈತಿ?"

ಮಾವಶಿ ಕಣ್ಣು ಮುಚ್ಚಿ ಮಲಗಿದ್ದರು. ತೆರೆದರು.

"ರಸ್ತಾ ನಿಮ್ಮಪ್ಪ ಬಿತ್ತಿ ಬೆಳದದ್ದೇನ್ರಿ ಧಣಿ? ಎಬ್ಬಿಸ್ರೇ ನನ್ನ. ಮಲ್ಕೊಂಡು ಬೈಯಾಕ ಬರವಲ್ತು."

ಎಬ್ಬಿಸುವಂತಿರಲಿಲ್ಲ. ಮಲಗಿಕೊಂಡೇ ಬೈದರು. ಧಣಿ ಎದ್ದು ಬಾಗಿಲು ದಾಟುವವರೆಗೆ ಬೈದರು. ಸೇಬಿನ ಚೀಲ ಅವರ ಹಿಂದೆಯೇ ಸುವರ್ಣಾಳ ಕೈಲಿ ಹೋಯಿತು.

ಅಲ್ಲಿಂದ ಮಾವಶಿಯನ್ನು ಮಗಳು ಇಚಲಕರಂಜಿಗೆ ಕರೆದೊಯ್ದಳು. ಎಮ್ಮೆ ಮಾರಿದರು. ನಮ್ಮ ಮನೆಗಳಲ್ಲಿ ಸೈಕಲ್ಲಿಗೆ ಬೀಗ ಬಿತ್ತು. "ನೋಡಿದ್ಯಲ್ಲ, ಏನಾತು?" ಎಂದು ನನ್ನ ಗಂಡ ಎಷ್ಟು ತೃಪ್ತಿಯಿಂದ ಹೇಳಿದನೆಂದರೆ, ಮಾವಶಿ ಬಿದ್ದದ್ದರಿಂದ ಅವನು ಯಾವುದೋ ಹಳೆಯ ಪಂದ್ಯ ಗೆದ್ದಂತಿತ್ತು.

ಮುಂದಿನ ಕಬ್ಬಿನ ಹಂಗಾಮಿಗೆ ಮೂವರೂ ಬಸ್ಸು ಹಿಡಿದು ಅವರನ್ನು ನೋಡಲು ಹೋದೆವು. ಮಗಳ ಮನೆಯ ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತಿದ್ದರು. ಬಹಳ ಇಳಿದಿದ್ದರು. ಧ್ವನಿ ಮಾತ್ರ ಇಳಿದಿರಲಿಲ್ಲ.

"ಹೆಂಗ ಬಂದ್ರಿ?"

"ಬಸ್ಸಿನ್ಯಾಗ ಬಂದ್ವಿ" ಎಂದೆ. "ಸೈಕಲ್ ಬಿಡಿಸ್ಯಾರ್ರಿ ಮಾವಶಿ."

"ಬಿಡಿಸಾಕ ಅವರ್ಯಾರು? ಬಿದ್ದಾಕಿ ನಾನು, ಮುರಿದದ್ದು ನನ್ನ ಟೊಂಕ. ನಿಮ್ಮ ಕಾಲಿಗೆ ಏನ ಧಾಡಿ ಆಗೇತಿ?"

ಚಹಾ ಬಂತು. ಅವರು ಮುಟ್ಟಲಿಲ್ಲ, ಮುಖ ತಿರುಗಿಸಿ ಕುಳಿತರು. ಹೊರಡುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದರೂ ಈ ಕಡೆ ತಿರುಗಲಿಲ್ಲ. ನಾವು ಓಣಿಯ ತಿರುವಿಗೆ ಬಂದಾಗ ಹಿಂದಿನಿಂದ ಕೂಗು ಕೇಳಿತು: "ಮತ್ತ ಬಸ್ಸಿನ್ಯಾಗ ಬಂದ್ರ ಒಳಗ ಬಿಡೂದಿಲ್ಲ!"

ಮರುದಿನ ಅತ್ತೆಯ ಎದುರು ಕೈ ಚಾಚಿ ಬೀಗದ ಕೀಲಿ ಕೇಳಿದೆ. ಅತ್ತೆ ನನ್ನ ಮುಖ ನೋಡಿದರು, ಕೊಟ್ಟರು. ಆ ರವಿವಾರ ಮೂವರೂ ಇಚಲಕರಂಜಿ ಕಡೆಗೆ ಹೋಗುವ ಬೋರಗಾಂವದ ದಾರಿ ಹಿಡಿದು ಒಂದಿಷ್ಟು ದೂರ ಹೋಗಿ ಬಂದೆವು. ಇಚಲಕರಂಜಿ ಮುಟ್ಟುವಷ್ಟು ಕಾಲು ಪಳಗುವುದರೊಳಗೆ ಮಾವಶಿ ತೀರಿಕೊಂಡ ಸುದ್ದಿ ಬಂತು.

ಊರಲ್ಲಿ ಗುಡಿಯ ಮುಂದೆ ಪೆಂಡಾಲು ಹಾಕಿ ಶ್ರದ್ಧಾಂಜಲಿ ಸಭೆ ಇಟ್ಟರು. ಮೈಕು ಹಿಡಿದವರು ಧಣಿ. "ಇಂದೂಬಾಯಿಯವರು ಭಾಳ ಸಾಧು ಹೆಣ್ಣಮಗಳು. ಜೀವನದಾಗ ಯಾರಿಗೂ ಒಂದ ಬಿರುಸ ಮಾತ ಆಡಿದವರಲ್ಲ" ಎಂದರು. ಸುತ್ತ ಕುಳಿತವರು ತಲೆದೂಗಿದರು. ಬದುಕಿದ್ದಾಗ ಅವರ ಸೈಕಲ್ಲು ಬಿಡಿಸಿದವರು ಈಗ ಅವರ ಸಿಟ್ಟನ್ನೂ ಕಸಿದುಕೊಳ್ಳುತ್ತಿದ್ದರು, ಅದೂ ಹೂವಿನ ಹಾರ ಹಾಕಿ.

ನಾನು ಎದ್ದು ನಿಂತೆ.

"ಸುಳ್ಳ ಹೇಳಬ್ಯಾಡ್ರಿ. ಮಾವಶಿ ಬೈತಿದ್ರು. ದವಾಖಾನ್ಯಾಗ ನಿಮಗೂ ಬೈದಾರ, ನನ್ನ ಮುಂದ."

ಗಂಡ ಕುಂದ್ರು ಕುಂದ್ರು ಎಂದು ಸನ್ನೆ ಮಾಡಿದ. ಹಿಂದಿನಿಂದ ಸುವರ್ಣಾ ಎದ್ದಳು. "ನನಗೂ ಬೈದಾರ." ರಾಜಕ್ಕ ತನಗೆ ದಿನಾ ಬೈಯುತ್ತಿದ್ದರೆಂದಳು. ಕಂಬಕ್ಕೆ ಒರಗಿದ್ದ ಒಬ್ಬ ಟ್ರ್ಯಾಕ್ಟರು ಚಾಲಕ, ತಲೆ ತಗ್ಗಿಸಿ, "ಹಾಡಿನ ಸಲುವಾಗಿ ನನಗೂ ಬೈದಾರ್ರಿ" ಎಂದ. ಆಮೇಲೆ ಯಾರು ಯಾರೋ ಹೇಳತೊಡಗಿದರು: ಬೈಕ್ ನಿಲ್ಲಿಸಿದ್ದಕ್ಕೆ, ಹೆಂಡತಿಗೆ ಹೊಡೆದದ್ದಕ್ಕೆ, ಮಗಳ ಶಾಲೆ ಬಿಡಿಸಿದ್ದಕ್ಕೆ. ಧಣಿ ಮೈಕು ಹಿಡಿದುಕೊಂಡು ನಿಂತೇ ಇದ್ದರು.

ಡೇರಿಯಲ್ಲಿ ಹಾಲು ಅಳೆಯುವಾತ ಕಣ್ಣೊರೆಸಿಕೊಂಡು, "ಇನ್ನ ಮ್ಯಾಲ ನಮಗ ಬೈಯಾವರ ಯಾರ್ರಿ?" ಎಂದ.

ರಾಜಕ್ಕ ಗರ್ರನೆ ತಿರುಗಿ ಅವನನ್ನು ಗದರಿದಳು: "ಯಾಕೋ, ನಾವದೀವಲ್ಲ!"