ನೂಲು ಪೋಣಿಸಿದ ನೋಟೀಸು

ನನ್ನ ಅತ್ತೆಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೂ ನಾನು ಕಂಡ ಜಾಹೀರಾತು ನೋಟೀಸುಗಳಲ್ಲೆಲ್ಲ ಅತ್ಯುತ್ತಮವಾದದ್ದನ್ನು ಮಾಡಿಸಿದವರು ಅವರೇ. ಈ ಮಾತನ್ನು ಯಾರ ಮುಂದೆ ಬೇಕಾದರೂ ಒಂದು ಸಲ ಹೇಳುತ್ತೇನೆ. ನನ್ನ ಗಂಡನ ಮುಂದೆ ಎರಡು ಸಲ ಹೇಳುತ್ತಿದ್ದೆ.

ನೀಲಗಿರಿಯ ಪೈಕಾರ ಹೊಳೆಯಿಂದ ಕರೆಂಟು ಬಂದು ಕೊಯಮತ್ತೂರಿನ ಸುತ್ತ ಗಿರಣಿಗಳು ಏಳುತ್ತಿದ್ದ ಕಾಲ. ಪೊಳ್ಳಾಚಿಯ ನಮ್ಮ ಬೀದಿಯಲ್ಲಿ ಇದ್ದವರೆಲ್ಲ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಓದುಬರಹವೂ ತಮಿಳೇ. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಮೊಮ್ಮಕ್ಕಳಾದ ಮೇಲೆ. ನಾವು ನೇಯುತ್ತಿದ್ದುದು ಕೆಂಪು ಅಂಚಿನ ಸೀರೆ. ಒಂದು ವರ್ಷ ನನ್ನ ಗಂಡ ಅಗ್ಗದ ಬಣ್ಣದ ಪುಡಿಗೆ ಮರುಳಾಗಿ ತಂದುಬಿಟ್ಟರು. ಮೊದಲ ಒಗೆತಕ್ಕೇ ಅಂಚಿನ ಕೆಂಪು ಸೀರೆಯ ಒಡಲಿಗೆಲ್ಲ ಹರಡಿ ಸಂತೆಯಲ್ಲಿ ನಮ್ಮ ಮಾನ ಹೋಯಿತು. ಆಮೇಲೆ ಅತ್ತೆ ತಾವೇ ಒಲೆಯ ಮುಂದೆ ಕೂತು, ಬಣ್ಣ ಕಾಯಿಸಿ, ನೂಲು ಅದ್ದಿ ಒಣಗಿಸಿ, ಎಷ್ಟು ಕುಕ್ಕಿ ಒಗೆದರೂ ಬಿಡದ ಕೆಂಪು ತಂದರು. ಆದರೆ ನಂಬುವವರು ಯಾರು? ನೇಯ್ದ ಸೀರೆಗಳು ಪೆಟ್ಟಿಗೆಯಲ್ಲೇ ಕೂತವು.

ದೀಪಾವಳಿಯೊಳಗೆ ಅವು ಹೋಗದಿದ್ದರೆ ಮಗ್ಗ ಕಿತ್ತುಹಾಕಿ ಗಿರಣಿ ಕೂಲಿಗೆ ಹೋಗುವುದೆಂದು ನನ್ನ ಗಂಡ ತೀರ್ಮಾನಿಸಿದರು. ನಮ್ಮದು ನೆಲದ ಮಗ್ಗ. ನೇಯುವವರು ಕಾಲು ಇಳಿಬಿಡಲು ಕೋಣೆಯ ನೆಲದಲ್ಲೇ ಗುಂಡಿ. ಅದನ್ನು ಮುಚ್ಚಲೆಂದು ಒಂದು ಗಾಡಿ ಮಣ್ಣನ್ನೂ ತರಿಸಿ ಹಿತ್ತಲಲ್ಲಿ ಸುರಿಸಿದರು. ಅದನ್ನು ಕಂಡಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅತ್ತೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕೊನೆಯ ಪ್ರಯತ್ನವೆಂದು ನನ್ನ ಗಂಡ ನೋಟೀಸು ಅಚ್ಚು ಹಾಕಿಸಿದರು. ಮೇಲೆ ನಮ್ಮ ಕುಲದೇವಿಯ ಚಿತ್ರ, ಕೆಳಗೆ ಇರುವೆ ಸಾಲಿನಂತೆ ಹೊಗಳಿಕೆ. ದನದ ಸಂತೆಯಲ್ಲಿ ಹಂಚಿದರೆ ಜನ ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ ಮಡಚಿ ಇಟ್ಟುಕೊಂಡರು. ಸೀರೆಯ ಸುದ್ದಿ ಒಬ್ಬರೂ ಎತ್ತಲಿಲ್ಲ. ಕೆಲವು ಕೈಜಾರಿ ಬಿದ್ದವು. ದೇವಿಯನ್ನು ತುಳಿಯಲು ಬಿಡುವುದುಂಟೇ? ಇವರು ಹಂಚುವುದು ಬಿಟ್ಟು, ಎತ್ತುಗಳ ಕಾಲಡಿ ಬಗ್ಗಿ ಬಗ್ಗಿ ಕಾಗದ ಆರಿಸಿದರು. ದೇವಿ ಎಲ್ಲರ ಮನೆ ಸೇರಿದಳು, ಸೀರೆ ನಮ್ಮ ಮನೆಯಲ್ಲೇ ಉಳಿಯಿತು. ನನಗೆ ನಗು ಬಂತು, ಸಿಟ್ಟೂ ಬಂತು.

ಅತ್ತೆ ಮಾತ್ರ ನಗಲಿಲ್ಲ. "ಸಾಮಿನ ಸಂತೆಗೆ ಕಳಿಸ್ಬೇಡ," ಎಂದರು ಮಗನಿಗೆ. "ಕಾಗದಕ್ಕೆ ನಮ್ಮ ಕೆಂಪು ನೂಲು ಪೋಣ್ಸಿ, ಎರಡೇ ಮಾತು ಹಾಕ್ಸು. ಈ ನೂಲ ಬೆಳ್ಳಗಿರೋ ಬಟ್ಟೆ ಜೊತೆ ಒಗ್ದು ನೋಡಿ. ಬಣ್ಣ ಬಿಟ್ರೆ ನಮ್ಮ ಸೀರೆ ವಾಂಗಬೇಡಿ."

"ವಾಂಗಬೇಡಿ ಅಂತ ಯಾರಾದ್ರೂ ಅಚ್ಚು ಹಾಕ್ಸ್ತಾರಾಮ್ಮಾ?" ಎಂದರು ನನ್ನ ಗಂಡ. ಕೊಳ್ಳಬೇಡಿ ಎನ್ನುವ ನೋಟೀಸನ್ನು ಅವರು ಎಲ್ಲೂ ಕಂಡಿರಲಿಲ್ಲ.

"ಅದ್ನೇ ದೊಡ್ಡದಾಗಿ ಹಾಕ್ಸು."

ಮಗನನ್ನು ನಂಬದೆ ನನ್ನನ್ನೂ ಕರೆದುಕೊಂಡು ಅತ್ತೆ ಅಚ್ಚುಕೂಟಕ್ಕೇ ಬಂದರು. ಅಷ್ಟು ಕಾಗದ ಖಾಲಿ ಬಿಡುವುದು ದಂಡವೆಂದು ಅಚ್ಚಿನವರು ಸುತ್ತ ಹೂಬಳ್ಳಿ ಜೋಡಿಸಲು ಹೊರಟರು. ಅತ್ತೆ ಉಟ್ಟ ಸೀರೆಯ ಸೆರಗನ್ನು ಎಳೆದು ತೋರಿಸಿ, "ಒಡಲು ಸುಮ್ನೆ ಇದ್ರೆ ತಾನೆ ಅಂಚು ಕಾಣೋದು?" ಎಂದು ತಮಿಳಿನಲ್ಲಿ ಕೇಳಿದರು. ಅವರು ಹೂಬಳ್ಳಿಯ ಅಚ್ಚುಗಳನ್ನು ಪೆಟ್ಟಿಗೆಗೆ ಹಾಕಿದರು. ಆ ಕ್ಷಣ ನನಗೆ ಅತ್ತೆಯ ಮೇಲೆ ಉಕ್ಕಿದ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಅಚ್ಚಾದ ನೋಟೀಸುಗಳಿಗೆ ಸೂಜಿಯಿಂದ ಎರಡೆರಡು ತೂತು ಮಾಡಿ, ಗೇಣುದ್ದದ ಕೆಂಪು ನೂಲು ಪೋಣಿಸಿದೆವು. ಬೀದಿಯ ಹೆಂಗಸರೂ ಬಂದು ಕೂತರು. ನನ್ನ ಬೆರಳೆಲ್ಲ ಚುಚ್ಚಿಹೋಗಿ ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಂಡದ್ದನ್ನೂ ಬರೆದುಬಿಡುತ್ತೇನೆ. ಸಂತೆಯಲ್ಲಿ ಕಾಗದ ಕೈಗೆ ಬಂದವರು ಮೊದಲು ನೂಲನ್ನು ಎಳೆದು ನೋಡುತ್ತಿದ್ದರು. ಓದಲು ಬಾರದ ಹೆಂಗಸರು ಓದುವವರನ್ನು ಹುಡುಕಿ ಕೇಳಿ ತಿಳಿದುಕೊಂಡರು. ಅವತ್ತು ಒಂದು ಸೀರೆಯೂ ಹೋಗಲಿಲ್ಲ. ನನ್ನ ಗಂಡ ಮನೆಗೆ ಬಂದವರೇ ಹಿತ್ತಲಿನ ಮಣ್ಣಿನ ಪಕ್ಕ ಗುದ್ದಲಿ ಇಟ್ಟರು.

ಮುಂದಿನ ಸಂತೆಯ ದಿನ ಆನೈಮಲೈ ಕಡೆಯ ತೋಟದ ಹೆಂಗಸೊಬ್ಬಳು ಮನೆ ಕೇಳಿಕೊಂಡು ನೇರ ನಮ್ಮ ಜಗುಲಿಗೇ ಬಂದಳು. ಕಂಕುಳಲ್ಲಿದ್ದ ಬಿಳಿ ಪಂಚೆಯನ್ನು, ನಮ್ಮ ಕಡೆಯ ಮಾತಿನಲ್ಲಿ ವೇಷ್ಟಿಯನ್ನು, ಅತ್ತೆಯ ಮುಂದೆ ಹರವಿ, ಅದರ ನಡುವೆ ನಮ್ಮ ಕೆಂಪು ನೂಲನ್ನು ಇಟ್ಟಳು. ಒಗೆದದ್ದು ಸಾಲದೆಂದು ಎರಡನ್ನೂ ಸೋಡಾ ಹಾಕಿ ಕುದಿಸಿಯೂ ನೋಡಿದ್ದಳಂತೆ. ವೇಷ್ಟಿಯ ಮೇಲೆ ಒಂದು ಕಲೆಯೂ ಇರಲಿಲ್ಲ.

"ಸೀರೆ ಎಲ್ಲಿದೆ ತೋರಿಸಮ್ಮ. ನನ್ನ ಹಿಂದೆ ಇನ್ನೂ ನಾಲ್ಕು ಜನ ಬರ್ತಿದ್ದಾರೆ," ಎಂದಳು.

ಪೆಟ್ಟಿಗೆ ತೆರೆಯಲು ನಾನು ಓಡಿದೆ. ದೀಪಾವಳಿಗೆ ಇನ್ನೂ ವಾರವಿರುವಾಗಲೇ ಅದರ ತಳ ಕಂಡಿತು. ಮರುದಿನ ಬೆಳಿಗ್ಗೆ ಅತ್ತೆ ಮೊದಲ ಬಾರಿಗೆ ಆ ಮಣ್ಣಿನ ಗುಡ್ಡೆಯ ಹತ್ತಿರ ಹೋದರು. ಸೀರೆ ಎತ್ತಿ ಕಟ್ಟಿ, ನೀರು ಸುರಿದು ತುಳಿದು, ನೂಲಿಗೆ ಬಣ್ಣ ಕಾಯಿಸಲು ಅದರಲ್ಲೇ ಇನ್ನೊಂದು ಒಲೆ ಹಾಕಿದರು. ಒಳಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನನ್ನ ಗಂಡ ನೇಯುತ್ತಿದ್ದರು.